ಗೋಡೆ ಮೇಯುವ ಹುಳು, ಗಾಜಿನೊಳಗಿನ ಮೂಳೆ

ಹೊರಗೆ ಚಿಪ್ಪು ಹೊತ್ತವರದು ಒಂದು ಕಷ್ಟ, ಒಳಗೆ ಮೂಳೆ ಇಟ್ಟುಕೊಂಡವರದು ಇನ್ನೊಂದು. ಮೈ ಗಟ್ಟಿಯಾಗಿಯೂ ಇರಬೇಕು, ಬೆಳೆಯಲೂ ಬೇಕು. ಹೇಗೆ? ವೈಟ್‌ಫೀಲ್ಡ್‌ನ ಬಸವನಹುಳು, ಪೀಣ್ಯದ ಜೇಡ, ಬನ್ನೇರುಘಟ್ಟದ ಆನೆ, ಎಲೆಕ್ಟ್ರಾನಿಕ್ ಸಿಟಿಯ ಟೆಕ್ಕಿ: ಒಬ್ಬೊಬ್ಬರ ಉತ್ತರವೂ ಬೇರೆ!

ಕಾಲಡಿ ‘ಕರಕ್’ ಎಂದಿತು.

ಜೂನ್ ತಿಂಗಳ ಬೆಳಗ್ಗೆ, ಆರೂವರೆ. ರಾತ್ರಿಯಿಡೀ ಸುರಿದ ಮಳೆಗೆ ವೈಟ್‌ಫೀಲ್ಡ್‌ನ ನಮ್ಮ ಅಪಾರ್ಟ್‌ಮೆಂಟಿನ ವಾಕಿಂಗ್ ದಾರಿ ಇನ್ನೂ ಒದ್ದೆ. ಶೂ ಎತ್ತಿ ನೋಡಿದರೆ ಕಂದು ಪಟ್ಟೆಯ ಚಿಪ್ಪಿನ ಚೂರು, ನಡುವೆ ಲೋಳೆ. ತಲೆ ಎತ್ತಿ ಸುತ್ತ ನೋಡಿದೆ. ಕ್ರೋಟನ್ ಗಿಡದ ಬುಡದಲ್ಲಿ, ಪಾರ್ಕಿಂಗ್ ಕಂಬದ ಮೇಲೆ, ಚರಂಡಿಯ ಜಾಲರಿಯ ಅಂಚಿನಲ್ಲಿ, ಎಲ್ಲೆಲ್ಲೂ ಅಂಗೈಯಗಲದ ಬಸವನಹುಳುಗಳು. ನಿನ್ನೆ ಒಂದೂ ಇರಲಿಲ್ಲ.

ಹಿಂಬದಿಯಲ್ಲಿ, ಕಾಂಪೋಸ್ಟ್ ತೊಟ್ಟಿಗಳ ಪಕ್ಕ, ಬಿಲ್ಡರ್ ಬರುವುದಕ್ಕೂ ಮೊದಲಿನ ಹಳೇ ಸುಣ್ಣದ ಗೋಡೆಯೊಂದು ಉಳಿದಿದೆ. ಹುಳುಗಳ ಜಾತ್ರೆ ನೆರೆದಿದ್ದು ಅಲ್ಲಿ. ಗಿಡಗಳಿಗೆ ಗೊಬ್ಬರ ಹಾಕುತ್ತಿದ್ದ ಮಾಲೂರು ಕಡೆಯ ಅಕ್ಕ ನನ್ನನ್ನು ಕರೆದು ತೋರಿಸಿದರು.

“ಗೋಡೆ ನೆಕ್ತಾವೆ ನೋಡಿ ಸಾರ್. ಹೋದ ವರ್ಷ ಹೊಡೆದ ಸುಣ್ಣ ಪೂರ್ತಿ ಇವುಗಳ ಹೊಟ್ಟೆಗೇ ಹೋಯ್ತು.”

ಬಗ್ಗಿ ನೋಡಿದೆ. ನಿಜ. ಹುಳು ಹರಿದ ಕಡೆ ಸುಣ್ಣದ ಮೇಲೆ ಸಣ್ಣ ಸಣ್ಣ ಗೀರು, ಹಲಗೆಗೆ ಉಜ್ಜುಕಾಗದ ಹಾಕಿ ತಿಕ್ಕಿದ ಹಾಗೆ.

ಸುಣ್ಣ ತಿಂದು ಮನೆ ಕಟ್ಟು

ಈ ಹುಳು ನಮ್ಮೂರಿನದಲ್ಲ. ಪೂರ್ವ ಆಫ್ರಿಕಾ ಮೂಲದ ದೈತ್ಯ ಬಸವನಹುಳು. 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಶಂಖ-ಚಿಪ್ಪುಗಳ ಪಂಡಿತ ಮಾರಿಷಸ್‌ನಿಂದ ಜೀವಂತ ಹುಳುಗಳನ್ನು ತಂದು ಕಲ್ಕತ್ತದ ತೋಟವೊಂದರಲ್ಲಿ ಬಿಟ್ಟ. ಅಲ್ಲಿಂದ ಹೊರಟ ಸಂತಾನ ನರ್ಸರಿ ಗಿಡಗಳ ಕುಂಡ, ಮಣ್ಣಿನ ಲಾರಿಗಳಲ್ಲಿ ಪ್ರಯಾಣ ಮಾಡುತ್ತಾ ದೇಶ ತುಂಬಿತು. ಕೊಡಗಿನ ಕಾಫಿ ತೋಟದವರಿಗೆ ಇದರ ಕಾಟ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಚಿಪ್ಪಿನ ಬಾಯಿಗೆ ತೆಳ್ಳನೆಯ ಪೊರೆಯ ಮುಚ್ಚಳ ಹಾಕಿಕೊಂಡು ತಿಂಗಳುಗಟ್ಟಲೆ ಮಣ್ಣಿನಲ್ಲಿ ಮಲಗಿರುತ್ತದೆ. ಮಳೆ ಬಿದ್ದ ರಾತ್ರಿಯೇ ಎದ್ದು ಬರುತ್ತದೆ.

ಎದ್ದ ಕೂಡಲೇ ಅದಕ್ಕೆ ಬೇಕಾಗುವುದು ಎರಡು: ಸೊಪ್ಪು ಮತ್ತು ಸುಣ್ಣ. ಚಿಪ್ಪಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲು. ಅದರ ನಾಲಿಗೆಯ ಮೇಲೆ ಸಾವಿರಾರು ಪುಟಾಣಿ ಹಲ್ಲುಗಳ ಪಟ್ಟಿ ಇದೆ. ಅರ ಇದ್ದ ಹಾಗೆ. ಆ ಅರದಿಂದ ಗೋಡೆಯ ಸುಣ್ಣ, ಸಿಮೆಂಟಿನ ಗಾರೆ, ಸತ್ತ ಹುಳುಗಳ ಖಾಲಿ ಚಿಪ್ಪು ಎಲ್ಲವನ್ನೂ ಕೆರೆದು ತಿನ್ನುತ್ತದೆ. ನಮ್ಮ ಕಾಂಪೌಂಡ್ ಕರಗಿ ಅದರ ಮನೆಯಾಗುತ್ತದೆ!

ಬಸವನಹುಳು ಬೆಳೆದಂತೆ ಹಳೇ ಚಿಪ್ಪು ಬಿಟ್ಟು ಹೊಸದಕ್ಕೆ ಹೋಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗೆ ಮನೆ ಬದಲಿಸುವುದು ಕಾರವಾರದಂಥ ಕಡಲತೀರದಲ್ಲಿ ಕಾಣುವ ಸನ್ಯಾಸಿ ಏಡಿ. ಅದರದು ಬಾಡಿಗೆ ಮನೆ. ಬಸವನಹುಳುವಿನದು ಸ್ವಂತ ಮನೆ. ದೇಹವೇ ಸ್ನಾಯುವಿನಿಂದ ಚಿಪ್ಪಿನ ನಡುಗಂಬಕ್ಕೆ ಅಂಟಿಕೊಂಡಿದೆ. ಬೆಳೆಯಬೇಕೆನಿಸಿದಾಗ ಚಿಪ್ಪಿನ ಬಾಯಂಚಿಗೆ ಹೊಸ ಸುಣ್ಣದ ಪದರ ಸೇರಿಸುತ್ತಾ, ಸುತ್ತಿಗೆ ಸುತ್ತು ಕೂಡಿಸುತ್ತಾ ಹೋಗುತ್ತದೆ. ತುದಿಯ ಸಣ್ಣ ಸುತ್ತು ಅದರ ಬಾಲ್ಯದ ಮನೆ. ಮೊದಲು ಗ್ರೌಂಡ್ ಫ್ಲೋರ್, ಸಾಲ ತೀರಿದ ಮೇಲೆ ಫಸ್ಟ್ ಫ್ಲೋರ್, ಮಗನ ಮದುವೆಗೆ ಇನ್ನೊಂದು. ವರ್ತೂರು, ಕಾಡುಗೋಡಿಯ ಹಳೇ ಮನೆಗಳೂ ಹೀಗೇ ಬೆಳೆದವು.

ಗಟ್ಟಿಯಾಗಿದ್ದೂ ಬೆಳೆಯುವುದಕ್ಕೆ ಇದು ಮೊದಲ ಉತ್ತರ: ಹಳೆಯದನ್ನು ಮುಟ್ಟಬೇಡ, ಅಂಚಿಗೆ ಸೇರಿಸು.

[ಬಾಕ್ಸ್] ಮುಟ್ಟುವ ಮುನ್ನ
ದೈತ್ಯ ಬಸವನಹುಳುವಿನ ಚಿಪ್ಪು 20 ಸೆಂ.ಮೀ.ವರೆಗೂ ಬೆಳೆಯಬಲ್ಲದು. ಮಿದುಳು ಪೊರೆಯ ಉರಿಯೂತ ತರುವ ಪರೋಪಜೀವಿ ಹುಳವನ್ನು ಇದು ಹೊತ್ತಿರುವ ಸಾಧ್ಯತೆ ಇದೆ. ಬರಿಗೈಯಲ್ಲಿ ಮುಟ್ಟಬೇಡಿ, ಗ್ಲೌಸ್ ಹಾಕಿ ಹೆಕ್ಕಿ. ಇದು ಹರಿದಾಡಿದ ತೋಟದ ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸಿ. ಮಕ್ಕಳು ಆಟಕ್ಕೆ ಎತ್ತಿಕೊಂಡರೆ ಸೋಪು ಹಾಕಿ ಕೈ ತೊಳೆಸಿ.

ಬಿಳಿ ಜಿರಳೆಯ ಗುಟ್ಟು

ಎರಡನೇ ಉತ್ತರ ನಿಮ್ಮ ಅಡುಗೆಮನೆಯಲ್ಲೇ ಇದೆ. ನಡುರಾತ್ರಿ ನೀರು ಕುಡಿಯಲು ಎದ್ದು ಲೈಟ್ ಹಾಕಿದಾಗ ಸಿಂಕಿನ ಕೆಳಗೆ ಹಾಲಿನಂತೆ ಬೆಳ್ಳಗಿನ ಜಿರಳೆ ಕಂಡು ಬೆಚ್ಚಿದ್ದೀರಾ? ಅದು ಬೇರೆ ಜಾತಿಯದಲ್ಲ, ರೋಗ ಬಂದದ್ದೂ ಅಲ್ಲ. ಈಗಷ್ಟೇ ಹಳೇ ಅಂಗಿ ಕಳಚಿದ ಮಾಮೂಲಿ ಜಿರಳೆ. ಕೆಲವೇ ಗಂಟೆಗಳಲ್ಲಿ ಕಂದು ಬಣ್ಣಕ್ಕೆ ತಿರುಗಿ, ಗಟ್ಟಿಯಾಗಿ, ಚಪ್ಪಲಿ ಏಟಿಗೂ ಜಗ್ಗದ ಹಳೇ ಗತ್ತಿಗೆ ಬರುತ್ತದೆ.

ಜಿರಳೆ, ಇರುವೆ, ಜೇಡ, ಏಡಿ, ಸಹಸ್ರಪದಿ ಎಲ್ಲರದೂ ಇದೇ ಪಾಡು. ಇವುಗಳ ಅಸ್ಥಿಪಂಜರ ಮೈಯ ಹೊರಗೆ. ಕೈಟಿನ್ ಎಂಬ ನಾರಿನಂಥ ವಸ್ತುವನ್ನು ಪದರ ಪದರವಾಗಿ, ಒಂದರ ನಾರು ಇನ್ನೊಂದಕ್ಕಿಂತ ಸ್ವಲ್ಪ ತಿರುಗಿರುವಂತೆ ಜೋಡಿಸಿದ ಪ್ಲೈವುಡ್ ಅದು. ಏಡಿಯಾದರೆ ಅದಕ್ಕೆ ಸುಣ್ಣವನ್ನೂ ಬೆರೆಸುತ್ತದೆ. ಹಗುರ, ಗಟ್ಟಿ, ನೀರು ಆರದಂತೆ ಕಾಯುತ್ತದೆ. ಒಂದೇ ಕೊರತೆ: ಒಮ್ಮೆ ಗಡಸಾದ ಮೇಲೆ ಹಿಗ್ಗುವುದಿಲ್ಲ. ಒಳಗಿನ ಜೀವ ಬೆಳೆದಾಗ ಇಡೀ ಕವಚವನ್ನೇ ಒಡೆದು ಹೊರಬರಬೇಕು.

ವರ್ತೂರು ಕೆರೆಯ ಕೆಳಗೆ ಗದ್ದೆಗಳಿದ್ದ ಕಾಲದಲ್ಲಿ ಬದುವಿನ ಬಿಲಕ್ಕೆ ಕೈ ಹಾಕಿ ಏಡಿ ಹಿಡಿದವರಿಗೆ ಮೆತ್ತನೆ ಏಡಿಯ ಪರಿಚಯ ಇದ್ದೀತು. ಪೊರೆ ಬಿಡುವ ಮುನ್ನ ಏಡಿ ಹಳೇ ಚಿಪ್ಪಿನಿಂದ ಒಂದಿಷ್ಟು ಸುಣ್ಣವನ್ನು ಮೈಯೊಳಗೆ ವಾಪಸು ಎಳೆದುಕೊಳ್ಳುತ್ತದೆ. ಹೊರಬಂದೊಡನೆ ನೀರು ಹೀರಿ ಉಬ್ಬಿ, ಹೊಸ ಮೆತ್ತನೆ ಚಿಪ್ಪನ್ನು ದೊಡ್ಡ ಅಳತೆಗೆ ಹಿಗ್ಗಿಸಿಕೊಳ್ಳುತ್ತದೆ. ಅದು ಗಟ್ಟಿಯಾಗುವ ತನಕ ಕಚ್ಚಲಾರದು, ಓಡಲಾರದು, ಬಿಲವೇ ಗತಿ. ಎಷ್ಟೋ ಏಡಿಗಳು ಕಳಚಿದ ಚಿಪ್ಪನ್ನೇ ತಿಂದು ಮುಗಿಸುತ್ತವೆ. ಸುಣ್ಣ ಅಷ್ಟು ದುಬಾರಿ.

ಹಾವಿನ ಪೊರೆಯನ್ನು ಇದರ ಜೊತೆ ಸೇರಿಸಬೇಡಿ. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಕೇರೆಹಾವು ಬಿಟ್ಟುಹೋಗುವುದು ಬರೀ ಚರ್ಮದ ಮೇಲ್ಪದರ. ಅದರ ಮೂಳೆಗಳು, ನೂರಾರು ಬೆನ್ನುಮಣಿ ಮತ್ತು ಪಕ್ಕೆಲುಬು, ಒಳಗೆ ಭದ್ರವಾಗಿರುತ್ತವೆ.

ಪೀಣ್ಯದ ಶೆಡ್ಡಿನಲ್ಲಿ ಒಂದು ಪಾಠ

ಹೊರಗಿನದೋ ಒಳಗಿನದೋ, ಯಾವುದು ಮೇಲು? ಈ ಪ್ರಶ್ನೆಗೆ ಅಚ್ಚುಕಟ್ಟಾದ ಉತ್ತರ ನನಗೆ ಸಿಕ್ಕಿದ್ದು ಪುಸ್ತಕದಲ್ಲಲ್ಲ, ಪೀಣ್ಯ ಎರಡನೇ ಹಂತದ ಗೆಳೆಯನೊಬ್ಬನ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ.

ಒಂದು ಮೂಲೆಯಲ್ಲಿ ಆ್ಯಂಗಲ್, ಚಾನೆಲ್ ಬೆಸೆದು ಆಳೆತ್ತರದ ಫ್ರೇಮು ಕಟ್ಟಿ ಮೇಲೆ ತಗಡು ಹೊದಿಸುತ್ತಿದ್ದರು. ಇನ್ನೊಂದು ಮೂಲೆಯಲ್ಲಿ ಫ್ರೇಮೇ ಇಲ್ಲ. ಶೀಟನ್ನೇ ಬೆಂಡ್ ಮಾಡಿ, ಅಂಚು ಮಡಚಿ, ಕರೆಂಟಿನ ಪ್ಯಾನೆಲ್ ಡಬ್ಬ ಮಾಡುತ್ತಿದ್ದರು. ಇದಕ್ಕೆ ಯಾಕೆ ಫ್ರೇಮು ಬೇಡ ಎಂದು ಬೆಂಡಿಂಗ್ ಮೆಷಿನ್ ಮುಂದಿದ್ದ ಹುಡುಗನನ್ನು ಕೇಳಿದೆ. ತಲೆಯೆತ್ತದೆ ಹೇಳಿದ: “ಚಿಕ್ಕ ಡಬ್ಬಕ್ಕೆ ಶೀಟೇ ಸಾಕು ಸಾರ್. ದೊಡ್ಡದಾದ್ರೆ ಫ್ರೇಮು ಬೇಕೇ ಬೇಕು.”

ಜೀವಜಗತ್ತಿನ ಒಂದು ದೊಡ್ಡ ನಿಯಮವನ್ನು ಆತ ಎರಡು ವಾಕ್ಯದಲ್ಲಿ ಮುಗಿಸಿಬಿಟ್ಟಿದ್ದ.

ಶೆಡ್ಡಿನ ಇನ್ನೊಂದು ಬದಿಯಲ್ಲಿ ಹೈಡ್ರಾಲಿಕ್ ಪ್ರೆಸ್. ಎಣ್ಣೆಯ ಒತ್ತಡವೇ ಅದರ ಬಲ. ಅದರ ಹಿಂದಿನ ಧೂಳಿನಲ್ಲಿ ಸತ್ತು ಬಿದ್ದಿದ್ದ ಜೇಡವೂ ಬದುಕಿದ್ದಾಗ ಅದೇ ಜಾತಿಯ ಯಂತ್ರ. ಜೇಡದ ಕಾಲಿನ ಮುಖ್ಯ ಕೀಲುಗಳಲ್ಲಿ ಮಡಚುವ ಸ್ನಾಯು ಇದೆ, ಚಾಚುವ ಸ್ನಾಯು ಇಲ್ಲ. ಮೈಯೊಳಗಿನ ದ್ರವವನ್ನು ಕಾಲಿಗೆ ಒತ್ತಿ ಅದು ಕಾಲು ಚಾಚುತ್ತದೆ. ಸತ್ತಾಗ ಒತ್ತಡ ಇಳಿಯುತ್ತದೆ. ಸತ್ತ ಜೇಡ ಎಂಟೂ ಕಾಲು ಮುದುಡಿಕೊಂಡಿರುವುದು ಇದಕ್ಕೇ. ಮಳೆ ನಿಂತ ಮೇಲೆ ಫುಟ್‌ಪಾತಿಗೆ ಬರುವ ಎರೆಹುಳುವಂತೂ ಇನ್ನೂ ಸರಳ: ಮೂಳೆ ಇಲ್ಲ, ಚಿಪ್ಪೂ ಇಲ್ಲ. ಒತ್ತಡದಲ್ಲಿಟ್ಟ ನೀರೇ ಅದರ ಬೆನ್ನೆಲುಬು.

ಚಿಪ್ಪು ಬರೀ ಗೋಡೆಯಲ್ಲ, ಯಂತ್ರವೂ ಹೌದು ಎಂಬುದಕ್ಕೆ ಬೆಂಗಳೂರಿನದೇ ಸಾಕ್ಷಿ ಇದೆ. ನಮ್ಮ ಕಾಂಪೋಸ್ಟ್ ತೊಟ್ಟಿಯಲ್ಲಿ ಕಸ ಕರಗಿಸುವ ದಪ್ಪ ಹುಳುಗಳು ದೊಡ್ಡವಾದರೆ ಕಪ್ಪು ಸೈನಿಕ ನೊಣಗಳಾಗುತ್ತವೆ. ನೊಣಕ್ಕೆ ಎರಡು ರೆಕ್ಕೆ. ಹಿಂದೆ ಸಮತೋಲ ಕಾಯುವ ಎರಡು ಗುಂಡುಸೂಜಿಯಂಥ ಅಂಗ. ಸೆಕೆಂಡಿಗೆ ನೂರರ ಆಸುಪಾಸು ಬಾರಿ ಬಡಿಯುವಾಗ ಇವು ತಾಳ ತಪ್ಪುವಂತಿಲ್ಲ. ನರಗಳ ಸುದ್ದಿ ತಲುಪುವಷ್ಟು ವ್ಯವಧಾನವೂ ಇಲ್ಲ. ಜಿಕೆವಿಕೆ ಆವರಣದ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ತನ್ವಿ ದೇವರಾ, ಅಮಿತ್ ಕುಮಾರ್ ಸಿಂಗ್ ಮತ್ತು ಸಂಜಯ್ ಸಾನೆ ಈ ಗುಟ್ಟು ಬಿಡಿಸಿ 2015ರಲ್ಲಿ ಪ್ರಕಟಿಸಿದರು: ತಾಳ ಹಾಕುವುದು ಎದೆಯ ಹೊರಗವಚವೇ. ಆಗಷ್ಟೇ ಸತ್ತ ನೊಣದಲ್ಲೂ ಒಂದು ರೆಕ್ಕೆ ಎತ್ತಿದರೆ ಇನ್ನೊಂದು ತಾನೇ ಎದ್ದಿತು. ಕವಚದಲ್ಲಿನ ಒಂದು ಸಣ್ಣ ಏಣು ರೆಕ್ಕೆಯನ್ನೂ ಆ ಗುಂಡುಸೂಜಿಯನ್ನೂ ಸನ್ನೆಗೋಲಿನಂತೆ ಬೆಸೆದಿತ್ತು. ಅದನ್ನು ಕತ್ತರಿಸಿದರೆ ತಾಳ ತಪ್ಪಿತು.

ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ

ಹಾಗಾದರೆ ಆನೆಯಷ್ಟು ದೊಡ್ಡ ಇರುವೆ ಯಾಕಿಲ್ಲ? ಪೀಣ್ಯದ ಹುಡುಗ ಹೇಳಿದ್ದೇ ಕಾರಣ. ಉದ್ದ, ಅಗಲ, ಎತ್ತರ ಎರಡರಷ್ಟಾದರೆ ಭಾರ ಎಂಟರಷ್ಟಾಗುತ್ತದೆ. ಕಾಲಿನ ಅಡ್ಡಕೊಯ್ತದ ವಿಸ್ತೀರ್ಣ ನಾಲ್ಕರಷ್ಟು ಮಾತ್ರ. ದೊಡ್ಡ ಪ್ರಾಣಿಗೆ ಮೂಳೆ ಅಳತೆ ಮೀರಿ ದಪ್ಪಗಾಗಬೇಕು ಎಂದು ಗೆಲಿಲಿಯೊ 1638ರಲ್ಲೇ ಚಿತ್ರ ಬರೆದು ತೋರಿಸಿದ್ದ. ಚಿಪ್ಪನ್ನೇ ಅಷ್ಟು ದಪ್ಪ ಮಾಡಿದರೆ ಒಳಗೆ ಜೀವಕ್ಕೆ ಜಾಗ ಉಳಿಯದು. ಜೊತೆಗೆ, ಪೊರೆ ಬಿಟ್ಟ ಗಳಿಗೆಯಲ್ಲಿ ಅಂಥ ಪ್ರಾಣಿ ತನ್ನ ಭಾರಕ್ಕೆ ತಾನೇ ಕುಸಿದೀತು. ನೆಲದ ಮೇಲಿನ ಅತಿ ದೊಡ್ಡ ಹೊರಗವಚದ ಜೀವಿ ತೆಂಗಿನ ಏಡಿ. ಅದರ ತೂಕವೂ ಸುಮಾರು 4 ಕೆ.ಜಿ. ಅಷ್ಟೆ. ಜಪಾನಿನ ಜೇಡ ಏಡಿ ಕಾಲು ಚಾಚಿದರೆ ಮೂರೂವರೆ ಮೀಟರು ದಾಟುತ್ತದೆ, ಆದರೆ ಅದನ್ನು ಸಮುದ್ರ ಹೊರುತ್ತದೆ.

ಎಲೆಕ್ಟ್ರಾನಿಕ್ ಸಿಟಿಯಿಂದ ದೂರವೇನಲ್ಲದ ಬನ್ನೇರುಘಟ್ಟದಲ್ಲಿ ಆನೆ ನಿಂತ ಭಂಗಿ ಗಮನಿಸಿ. ನಾಲ್ಕೂ ಕಾಲು ನೆಟ್ಟಗೆ, ಮೂಳೆಯ ಮೇಲೆ ಮೂಳೆ. ಎಲಿವೇಟೆಡ್ ರಸ್ತೆಯ ಕಂಬಗಳ ಹಾಗೆ. ಬೇರೆ ಪ್ರಾಣಿಗಳ ಉದ್ದನೆ ಮೂಳೆಯ ನಡುವೆ ಮಜ್ಜೆಯ ಟೊಳ್ಳು ಇರುತ್ತದೆ; ಆನೆಯಲ್ಲಿ ಆ ಜಾಗವನ್ನೂ ಜೇನುಗೂಡಿನಂಥ ಮೂಳೆ ತುಂಬಿದೆ. ಇಷ್ಟು ಭಾರ ಹೊರುವುದಕ್ಕೆ ತೆತ್ತ ಬೆಲೆ: ಆನೆ ನೆಗೆಯಲಾರದು.

ಒಳಮೂಳೆಗೆ ಭಾರ ಹೊರುವುದೊಂದೇ ಕಸುಬಲ್ಲ. 2016ರ ಫೆಬ್ರವರಿಯಲ್ಲಿ ಕುಂದಲಹಳ್ಳಿ ಬಳಿಯ ಶಾಲೆಯೊಂದಕ್ಕೆ ಚಿರತೆ ನುಗ್ಗಿದ ದೃಶ್ಯವನ್ನು ಟಿವಿಯಲ್ಲಿ ನೋಡದವರು ಕಡಿಮೆ. ಆ ಮೈ ಬಿಲ್ಲಿನಂತೆ ಬಾಗಿ ಬಾಣದಂತೆ ಚಿಮ್ಮಿತ್ತು. ಚಿರತೆಯ ಕೊರಳೆಲುಬು ಭುಜದ ಮೂಳೆಗೆ ಬೆಸೆದಿಲ್ಲ, ಸ್ನಾಯುಗಳ ನಡುವೆ ತೇಲುತ್ತದೆ. ಹಾಗಾಗಿ ಭುಜ ಕುಗ್ಗಿಸಿ ಇಕ್ಕಟ್ಟಿನಲ್ಲೂ ನುಸುಳಬಲ್ಲದು.

[ಬಾಕ್ಸ್] ಬೆಂಗಳೂರಿನ ಹೆಸರಿನ ಕಪ್ಪೆ
ರಾಜಧಾನಿಯ ಹೊರವಲಯದಲ್ಲಿ ಸಿಕ್ಕ ಬಿಲಗಪ್ಪೆಯೊಂದಕ್ಕೆ 2020ರಲ್ಲಿ ವಿಜ್ಞಾನಿಗಳು ‘ಸ್ಫೀರೋಥೀಕಾ ಬೆಂಗಳೂರು’ ಎಂದು ಹೆಸರಿಟ್ಟರು. ಈ ಕುಲದ ಕಪ್ಪೆಗಳ ಹಿಂಗಾಲಿನಲ್ಲಿ ಗುದ್ದಲಿಯಂಥ ಗಡಸು ಉಬ್ಬು ಇರುತ್ತದೆ. ಹಿಂದೆ ಹಿಂದೆ ಸರಿಯುತ್ತಾ ಮಣ್ಣು ತೋಡಿ ಕೂರುತ್ತವೆ. ಬಹುತೇಕ ಕಪ್ಪೆಗಳಿಗೆ ಹೇಳಿಕೊಳ್ಳುವಂಥ ಪಕ್ಕೆಲುಬೇ ಇಲ್ಲ.

ಪಕ್ಕೆಲುಬೇ ಛಾವಣಿ

ಒಳಗೋ ಹೊರಗೋ ಎಂಬ ಲೆಕ್ಕಕ್ಕೆ ಸಿಗದ ಪ್ರಾಣಿ ಆಮೆ. ಅದರ ಚಿಪ್ಪು ನೋಡಲು ಬಸವನಹುಳುವಿನದರಂತೆ ಹೊರಗಿದೆ. ಮುಗುಚಿ ಒಳಗೆ ನೋಡಿದರೆ ನಡುವೆ ಬೆನ್ನುಮೂಳೆ, ಎರಡೂ ಕಡೆ ಪಕ್ಕೆಲುಬು. ಎಲ್ಲವೂ ಅಗಲವಾಗಿ ಹರಡಿ ಬೆಸೆದು ಛಾವಣಿಯಾಗಿವೆ. ಐವತ್ತಕ್ಕೂ ಹೆಚ್ಚು ಮೂಳೆಗಳ ಕಟ್ಟಡ ಅದು. ನಮ್ಮ ಭುಜದೆಲುಬು ಪಕ್ಕೆಲುಬಿನ ಹೊರಗಿದ್ದರೆ ಆಮೆಯದು ಒಳಗೆ! ಚಿಪ್ಪು ಮುಟ್ಟಿದರೆ ಅದಕ್ಕೆ ಗೊತ್ತಾಗುತ್ತದೆ. ಆಮೆಯನ್ನು ಚಿಪ್ಪಿನಿಂದ ಬಿಡಿಸುವುದೆಂದರೆ ನಮ್ಮನ್ನು ಪಕ್ಕೆಲುಬಿನಿಂದ ಬಿಡಿಸಿದಂತೆ.

ಈ ಛಾವಣಿಯ ಚೆಲುವೇ ನಕ್ಷತ್ರ ಆಮೆಗೆ ಶತ್ರು. ಅದೃಷ್ಟ ತರುತ್ತದೆಂದು ಕದ್ದು ಸಾಕುವವರು, ಸೂಟ್‌ಕೇಸಿನಲ್ಲಿ ವಿದೇಶಕ್ಕೆ ಸಾಗಿಸುವವರು ಇದ್ದಾರೆ. 2019ರಲ್ಲಿ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅತ್ಯಂತ ಕಟ್ಟುನಿಟ್ಟಿನ ನಿಷೇಧ ಬಿತ್ತು. ಕಾನೂನು ಹಾಗಿರಲಿ, ಫ್ಲ್ಯಾಟಿನೊಳಗೆ ಇಟ್ಟ ಆಮೆಯ ಚಿಪ್ಪು ಕ್ರಮೇಣ ಮೆತ್ತಗಾಗಿ ಸೊಟ್ಟಗಾಗುತ್ತದೆ. ಕಾರಣ, ಬಿಸಿಲಿಲ್ಲ. ಕಿಟಕಿಯ ಗಾಜಿನಿಂದ ಬರುವ ಬಿಸಿಲು ಸಾಲದು.

ಗಾಜಿನ ಹಿಂದಿನ ಆಮೆಯ ಈ ಗತಿ ಕೇಳಿದಾಗ ನನಗೆ ನನ್ನದೇ ಆಫೀಸು ನೆನಪಾಯಿತು.

ಅಗೆಯುವವರು, ತುಂಬುವವರು

ಅದಕ್ಕೂ ಮುನ್ನ ಮೂರನೇ ಉತ್ತರ. ಭಾನುವಾರ ಬೆಳಕು ಹರಿಯುವ ಮುನ್ನ ವೈಟ್‌ಫೀಲ್ಡ್‌ನಿಂದ ಹೊಸಕೋಟೆಗೆ ಬಿರಿಯಾನಿಗೆಂದು ಕಾರುಗಳ ಸಾಲು ಹೊರಡುತ್ತದಲ್ಲ, ಆ ಎಲೆಯಲ್ಲೇ ಇದೆ ಅದು. ಏಡಿಯ ಕಾಲನ್ನು ಮುರಿದು ಒಳಗಿನ ಮಾಂಸ ಹೀರುತ್ತೇವೆ. ಕುರಿಯ ಕಾಲಿನಲ್ಲಿ ಮೂಳೆಯ ಸುತ್ತ ಕಚ್ಚುತ್ತೇವೆ. ಒಂದರಲ್ಲಿ ಕೊಳವೆಯೊಳಗೆ ಸ್ನಾಯು, ಇನ್ನೊಂದರಲ್ಲಿ ಕೋಲಿನ ಸುತ್ತ ಸ್ನಾಯು. ಮಾಂಸ ಮುಗಿದ ಮೇಲೆ ನಲ್ಲಿ ಮೂಳೆಯನ್ನು ತಟ್ಟೆಗೆ ಕುಟ್ಟಿ ಹೀರುವ ಮಜ್ಜೆ ಇದೆಯಲ್ಲ, ನಮ್ಮ ದೇಹದಲ್ಲಿ ಅದರ ಕೆಂಪು ಭಾಗ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಕೆಂಪು ರಕ್ತಕಣ ತಯಾರಿಸುತ್ತದೆ.

ಮೂಳೆ ಒಣ ಕಟ್ಟಿಗೆಯಲ್ಲ. ಅದು ಸದಾ ‘ಕಾಮಗಾರಿ ಪ್ರಗತಿಯಲ್ಲಿದೆ’ ಬೋರ್ಡು ಹಾಕಿಕೊಂಡ ರಸ್ತೆ. ಒಂದು ಬಗೆಯ ಕೋಶಗಳು ಹಳೇ ಮೂಳೆಯನ್ನು ಆಮ್ಲ ಹಾಕಿ ಅಗೆಯುತ್ತವೆ. ಅವುಗಳ ಬೆನ್ನಿಗೇ ಇನ್ನೊಂದು ಗುಂಪು ಬಂದು ಹೊಸದನ್ನು ತುಂಬುತ್ತದೆ. ದೊಡ್ಡವರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ ಹತ್ತನೇ ಒಂದು ಭಾಗ ಹೀಗೆ ಹೊಸದಾಗುತ್ತದೆ. ಅಷ್ಟರ ನಡುವೆಯೂ ಸಂಚಾರ ನಿಲ್ಲುವುದಿಲ್ಲ. ಔಟರ್ ರಿಂಗ್ ರೋಡಿನಲ್ಲಿ ಓಡಾಡಿದವರಿಗೆ ಇದು ಅರ್ಥವಾಗುತ್ತದೆ. ವ್ಯತ್ಯಾಸ ಇಷ್ಟೇ: ಆರೋಗ್ಯವಂತ ದೇಹದಲ್ಲಿ ಅಗೆದವರ ಹಿಂದೆ ತುಂಬುವವರು ಬಂದೇ ಬರುತ್ತಾರೆ.

ಇದೇ ಮೂರನೇ ಉತ್ತರ: ಅಗೆಯುತ್ತಲೇ ತುಂಬು. ಹಾಗಾಗಿ ನಮಗೆ ಪೊರೆ ಕಳಚುವ ಸಂಕಟವಿಲ್ಲ, ಮೆತ್ತಗಾಗಿ ಬಿಲದಲ್ಲಿ ಅಡಗುವ ದಿನಗಳಿಲ್ಲ. ಮುರಿದರೆ ಕೂಡಿಕೊಳ್ಳುತ್ತದೆ. ಆದರೆ ಈ ಗುತ್ತಿಗೆಗೆ ಎರಡು ಷರತ್ತು. ಒಂದು, ಸಾಮಗ್ರಿ: ಸುಣ್ಣ, ಅದನ್ನು ಒಳಗೆಳೆಯಲು ವಿಟಮಿನ್ ಡಿ. ಎರಡು, ಭಾರ: ಹೊರೆ ಬೀಳುವ ಕಡೆ ಮಾತ್ರ ಮೂಳೆ ದಪ್ಪವಾಗುತ್ತದೆ. ಟೆನಿಸ್ ಆಟಗಾರರ ರ‍್ಯಾಕೆಟ್ ಕೈಯ ಮೂಳೆ ಇನ್ನೊಂದಕ್ಕಿಂತ ದಪ್ಪ. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಯಾನಿಗಳ ಸೊಂಟ, ಕಾಲಿನ ಮೂಳೆ ತಿಂಗಳಿಗೆ ಶೇ 1ರಷ್ಟು ಸವೆಯುತ್ತದೆ.

[ಬಾಕ್ಸ್] ಮೂಳೆ ಲೆಕ್ಕ
● ಹುಟ್ಟುವಾಗ ಸುಮಾರು 300 ಮೂಳೆ. ಬೆಳೆದಂತೆ ಹಲವು ಕೂಡಿಕೊಂಡು 206.
● ದೊಡ್ಡವರ ಮೈಯಲ್ಲಿ ಸುಮಾರು 1 ಕೆ.ಜಿ. ಕ್ಯಾಲ್ಸಿಯಂ, ಅದರಲ್ಲಿ ಶೇ 99 ಮೂಳೆ, ಹಲ್ಲುಗಳಲ್ಲಿ.
● 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ.
● ಕೋಳಿ ಒಂದು ಮೊಟ್ಟೆಯ ಸಿಪ್ಪೆಗೆ 2 ಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಹಾಕುತ್ತದೆ. ಮೇವು ಸಾಲದಾಗ ತನ್ನ ಮೂಳೆಯಿಂದಲೇ ತೆಗೆಯುತ್ತದೆ.

ಗಾಜಿನ ಹಿಂದೆ

1978ರಲ್ಲಿ ರಾಜ್ಯ ಸರ್ಕಾರಿ ಸಂಸ್ಥೆ ಕಿಯೋನಿಕ್ಸ್ ತನ್ನ ಮುಖ್ಯಸ್ಥ ಆರ್.ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಾಗ ಸುತ್ತ ಹಳ್ಳಿಗಳು. ಇಂದು ಗಾಜಿನ ಗೋಪುರಗಳು; ನನ್ನ ಆಫೀಸೂ ಅಂಥದ್ದೊಂದರಲ್ಲೇ. ಅವು ಹೊರನೋಟಕ್ಕೆ ಜೀರುಂಡೆಯ ಬೆನ್ನಿನಂತೆ ಮಿನುಗುತ್ತವೆ. ಮೋಸ ಹೋಗಬೇಡಿ, ಭಾರವೆಲ್ಲ ಒಳಗಿನ ಕಾಂಕ್ರೀಟ್ ಕಂಬಗಳ ಮೇಲೆ. ಗಾಜು ಬರೀ ಚರ್ಮ.

ಆ ಚರ್ಮಕ್ಕೊಂದು ಗುಣವಿದೆ. ಬೆಳಕನ್ನು ಬಿಡುತ್ತದೆ, ಸೆಕೆಯನ್ನೂ ಅಷ್ಟಿಷ್ಟು ಬಿಡುತ್ತದೆ. ನಮ್ಮ ಮೈಚರ್ಮದಲ್ಲಿ ವಿಟಮಿನ್ ಡಿ ತಯಾರಿಸುವ ಅತಿನೇರಳೆ ‘ಬಿ’ ಕಿರಣವನ್ನು ಮಾತ್ರ ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದು ನಾನು ಎಷ್ಟೋ ವರ್ಷ ಹಿಗ್ಗಿದ್ದೆ. ಎಡಗೆನ್ನೆಗೆ ದಿನವೂ ಬಿಸಿಲು ಬೀಳುತ್ತಿತ್ತು. ಮೂಳೆಗೆ ಅದರಿಂದ ಸಿಕ್ಕಿದ್ದು ಸೊನ್ನೆ. ಎರಡನೇ ಷರತ್ತಂತೂ ಕೇಳಲೇಬೇಡಿ: ಒಂಬತ್ತು ಗಂಟೆ ಕುರ್ಚಿ, ಎರಡು ಗಂಟೆ ಕ್ಯಾಬು. ಬಾಹ್ಯಾಕಾಶಕ್ಕೆ ಹೋಗದೆಯೇ ಮೂಳೆಯ ಭಾರ ಇಳಿಸಿದ್ದೆ. ರಕ್ತಪರೀಕ್ಷೆಯ ಹಾಳೆಯಲ್ಲಿ ವಿಟಮಿನ್ ಡಿ ಎದುರಿನ ಅಂಕಿ ದಪ್ಪಕ್ಷರದಲ್ಲಿ ಬಂದ ದಿನವೇ ಇವೆಲ್ಲ ತಲೆಗೆ ಹತ್ತಿದ್ದು.

ಮೊನ್ನೆ ರಜೆಯಲ್ಲಿ ಮನೆಯಲ್ಲಿದ್ದೆ. ಹನ್ನೊಂದೂವರೆಗೆ ಮೋಡ ಸರಿದು ಬಿಸಿಲು ಬಿತ್ತು. ತೋಟದ ಅಕ್ಕ ಅದೇ ಸುಣ್ಣದ ಗೋಡೆಗೆ ಒರಗಿ, ಟಿಫಿನ್ ಡಬ್ಬಿ ಬಿಚ್ಚಿ ರಾಗಿಮುದ್ದೆ ಮುರಿಯುತ್ತಿದ್ದರು. ಬೆಳಗಿನಿಂದ ಗೊಬ್ಬರದ ಬುಟ್ಟಿ ಹೊತ್ತ ಮೈ. ಸುಣ್ಣ, ಬಿಸಿಲು, ಭಾರ ಮೂರೂ ಅಲ್ಲೇ ಇದ್ದವು. ಯಾವ ಡಾಕ್ಟರೂ ಬರೆದುಕೊಟ್ಟಿರಲಿಲ್ಲ.

“ಬಿಸಿಲು ಸಾರ್, ನೆರಳಿಗೆ ಹೋಗಿ” ಎಂದರು.

ಅವರ ತಲೆಯ ಮೇಲೆ, ಗೋಡೆಯ ಸಂದಿಯಲ್ಲಿ, ಒಂದು ಬಸವನಹುಳು ಚಿಪ್ಪಿನೊಳಗೆ ಮುದುಡಿ ಮಲಗಿತ್ತು. ಬಾಯಂಚಿನಲ್ಲಿ ಹೊಸ ಪದರ, ತೆಳ್ಳಗೆ, ಇನ್ನೂ ಬಿಳಿಚಿಕೊಂಡೇ ಇತ್ತು. ನಾನು ಅಂಗಿಯ ತೋಳು ಮಡಚಿಕೊಂಡು ಗೊಬ್ಬರದ ಬುಟ್ಟಿಗೆ ಕೈ ಹಾಕಿದೆ.